ಚಿಲ್ಲ

ಗ್ರಂದಿಗೆ ಅಂಗಡಿಯಲ್ಲಿ ‘ಚಿಲ್ಲದ ಬೀಜ’ ಎಂದು ಕೇಳಿದರೆ ಅಂಗಿಯ ಗುಂಡಿಯಷ್ಟು ದೊಡ್ಡ, ದುಂಡನೆಯ ಬೀಜಗಳನ್ನು ತೂಗಿ ಕೊಡುತ್ತಾರೆ. ಒರಟು ಮಣ್ಣಿನ ಮಡಕೆಯ ಒಳಮೈಗೆ ಒಂದು ಬೀಜವನ್ನು ತೇಯ್ದು, ಕೆನ್ನೀರು ತುಂಬಿಟ್ಟರೆ ಕೆಸರು ತಳ ಸೇರುತ್ತದೆ. ಬೀಜದಲ್ಲಿರುವ ಅಂಟುಸಕ್ಕರೆ ಮತ್ತು ಪ್ರೋಟೀನು ಮಣ್ಣಿನ ಕಣಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಭಾರವಾದ ಗಂಟುಗಳು ಕೆಳಗಿಳಿಯುತ್ತವೆ. ನೀರು ತಿಳಿಗೊಳಿಸಲು ಹಾಕುವ ಪಟಿಕ (ಆಲಮ್) ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ.

ಸಂಸ್ಕೃತದಲ್ಲಿ ಚಿಲ್ಲದ ಮರಕ್ಕೆ ಕತಕ ಎಂದು ಹೆಸರು. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದು ಮನುಸ್ಮೃತಿ ಚುಚ್ಚುತ್ತದೆ. ತಮಿಳರು ‘ತೇಟ್ರಾನ್’ ಎನ್ನುತ್ತಾರೆ. ಆ ಹೆಸರಿನ ಬೇರಿಗೆ ತಿಳಿಯಾಗು, ಮನದಟ್ಟಾಗು ಎಂಬ ಎರಡೂ ಅರ್ಥಗಳಿವೆ. ನಮ್ಮ ‘ತಿಳಿ’ಯೂ ಹಾಗೆಯೇ ಅಲ್ಲವೇ? ನೀರೂ ತಿಳಿ, ವಿಷಯವೂ ತಿಳಿ! ಸಸ್ಯಶಾಸ್ತ್ರದ ಹೆಸರು ಸ್ಟ್ರಿಕ್ನಾಸ್ ಪೊಟೇಟೋರಮ್. ಆಲೂಗಡ್ಡೆಗೂ ಇದಕ್ಕೂ ನಂಟಿಲ್ಲ. ‘ಪೊಟೇಟೋರಮ್’ ಎಂಬ ಲ್ಯಾಟಿನ್ ಪದಕ್ಕೆ ‘ಕುಡಿಯುವವರ’ ಎಂದರ್ಥ. ನಂಟು ಇರುವುದು ವಿಷದ ಕಾಸರಕದ ಜೊತೆ: ಎರಡೂ ಒಂದೇ ಕುಲದವು. ಆದ್ದರಿಂದ ಕೊಳ್ಳುವಾಗ ಗುರುತು ಬಲ್ಲವರನ್ನು ಕೇಳುವುದು ಒಳ್ಳೆಯದು.

ನುಗ್ಗೆಯ ಒಣಬೀಜದ ಪುಡಿಗೂ ಇಂಥದೇ ಗುಣವಿದೆ. ಆದರೆ ಕಣ್ಣಿಗೆ ತಿಳಿಯಾದದ್ದೆಲ್ಲ ಶುದ್ಧವಲ್ಲ. ಕೋಲಾರದ ಕೊಳವೆಬಾವಿಗಳ ಫ್ಲೋರೈಡು ನೀರಿನಲ್ಲಿ ಕರಗಿರುವಂಥದು, ಚಿಲ್ಲಕ್ಕೆ ಅದು ಜಗ್ಗದು. ರೋಗಾಣುಗಳೂ ಪೂರ್ತಿ ಹೋಗುವುದಿಲ್ಲ. ಅವು ಸಾಯುವಂತೆ, ತಿಳಿಯನ್ನು ಬಸಿದುಕೊಂಡ ಮೇಲೂ ಕುದಿಸಿಯೇ ಕುಡಿಯಿರಿ.