ಕಟ್ಟಿದವರು, ಕಟ್ಟಿಸಿದವರು

ಶ್ರವಣಬೆಳಗೊಳದ ಗೊಮ್ಮಟನ ಪಾದದ ಪಕ್ಕದಲ್ಲಿ ಮೂರು ಭಾಷೆಗಳಲ್ಲಿ ಚಿಕ್ಕ ಚಿಕ್ಕ ಶಾಸನಗಳಿವೆ. ವಿಗ್ರಹವನ್ನು ಚಾವುಂಡರಾಯ ಮಾಡಿಸಿದ, ಸುತ್ತಾಲಯವನ್ನು ಗಂಗರಾಜ ಮಾಡಿಸಿದ ಎನ್ನುವುದಷ್ಟೇ ಅವುಗಳ ಸಾರ. ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಕ್ರಿಯಾಪದದ ಮೇಲೆ. ಕನ್ನಡದಲ್ಲಿ ‘ಮಾಡಿಸಿದ’, ತಮಿಳಿನಲ್ಲೂ ‘ಮಾಡಿಸಿದ’, ಮರಾಠಿಯಲ್ಲೂ ಅದೇ ಪ್ರೇರಣಾರ್ಥಕ. ಉಳಿ ಹಿಡಿದವನು ಬೇರೊಬ್ಬನಿದ್ದ ಎಂದು ವ್ಯಾಕರಣವೇ ಒಪ್ಪಿಕೊಳ್ಳುತ್ತದೆ. ಆದರೆ ಅವನ ಹೆಸರು ಅಲ್ಲಿಲ್ಲ.

ಇಂದಿಗೂ ನಾವು ‘ಮನೆ ಕಟ್ಟಿಸ್ತಾ ಇದೀವಿ’ ಅನ್ನುತ್ತೇವೆ. ಆ ‘ಇಸು’ ಪ್ರತ್ಯಯದ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನನ್ನು ಯಾರು ಆರಿಸಿದರು, ಯಾವ ನಂಬಿಕೆಯ ಮೇಲೆ ಆರಿಸಿದರು, ಕೆಲಸ ಕೆಟ್ಟರೆ ಅವನನ್ನು ಕೇಳುವವರು ಯಾರು ಎಂಬ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ಅದರ ಕೆಲವು ಎಳೆಗಳು ಹಾಸನ ಜಿಲ್ಲೆಯಲ್ಲೇ, ಹಿರೀಸಾವೆಯ ಆಸುಪಾಸಿನಲ್ಲೇ ಸಿಗುತ್ತವೆ.

ಹಿರೀಸಾವೆ ಇರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನುಗ್ಗೇಹಳ್ಳಿಯೂ ಇದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಇಲ್ಲಿ ಗೊಮ್ಮಟನ ಪಾದದಲ್ಲಿ ಕಾಣದ ಸಂಗತಿಯೊಂದು ಕಾಣುತ್ತದೆ. ಗೋಡೆಯ ಮೂರ್ತಿಗಳ ಕೆಳಗೆ ಕೆತ್ತಿದವರ ರುಜುಗಳಿವೆ. ಉತ್ತರದ ಗೋಡೆಯಲ್ಲಿ ಹೆಚ್ಚಾಗಿ ಮಲ್ಲಿತಮ್ಮನದು, ದಕ್ಷಿಣದಲ್ಲಿ ನಂದಿಯ ಬೈಚೋಜನದು. ಒಂದೇ ಕಟ್ಟಡವನ್ನು ಇಬ್ಬರು ರೂವಾರಿಗಳು ಪಾಲು ಮಾಡಿಕೊಂಡಂತಿದೆ. ಕೂಲಿ ಎಷ್ಟು, ಮುಂಗಡ ಎಷ್ಟು, ಯಾರ ಕೈಕೆಳಗೆ ಎಷ್ಟು ಜನ ಎಂಬುದನ್ನು ಆ ರುಜುಗಳು ಹೇಳುವುದಿಲ್ಲ. ಆದರೂ ಇದು ಯಾರ ಕೆಲಸ ಎಂದು ಕೇಳಿದವರಿಗೆ ಗೋಡೆಯೇ ಉತ್ತರ ಕೊಡುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಪುರದಲ್ಲೂ ಇದೆ, 1268ರ ಸೋಮನಾಥಪುರದಲ್ಲೂ ಇದೆ. ಅದೆಲ್ಲ ಒಬ್ಬನೇ ವ್ಯಕ್ತಿಯೋ, ಒಂದೇ ಹೆಸರಿನ ಬೇರೆಯವರೋ ಎಂದು ಯಾರಾದರೂ ಅನುಮಾನಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಹೆಸರೇ ಊರಿಂದೂರಿಗೆ ಕೆಲಸ ತಂದುಕೊಡುತ್ತಿತ್ತು ಎಂದು ಊಹಿಸಲು ಅಷ್ಟು ಸಾಕು.

ಇವೆಲ್ಲ ಕಲ್ಲಿನ ದೇವಾಲಯಗಳ ಮಾತು. ಜನ ಬದುಕಿದ ಮಣ್ಣುಗೋಡೆಯ, ನಾಡಹೆಂಚಿನ ಮನೆಗಳು ಮಳೆಗೆ ಕರಗಿಹೋದವು. ಅವನ್ನು ಕಟ್ಟಿದವರ ರುಜು ಎಲ್ಲೂ ಉಳಿದಿಲ್ಲ, ಬಹುಶಃ ಬೇಕಾಗಿಯೂ ಇರಲಿಲ್ಲ. ಊರಿನ ಬಡಗಿ, ಕಮ್ಮಾರರು ಆಯಗಾರರ ಪೈಕಿಯವರು. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಆಯದ ಧಾನ್ಯ ಸಲ್ಲುತ್ತಿತ್ತು. ತೊಲೆ ಏರಿಸಿದವನು ಮಾರನೇ ದಿನವೂ ಅದೇ ಬೀದಿಯಲ್ಲಿ ಎದುರಾಗುತ್ತಿದ್ದ. ಆ ವ್ಯವಸ್ಥೆಯನ್ನು ನೆನೆದು ಕಣ್ಣೀರು ಹಾಕಬೇಕಿಲ್ಲ. ಬಡಗಿಯ ಮಗ ಬಡಗಿಯೇ ಆಗಬೇಕಿದ್ದ, ಮನೆಯವನಿಗೂ ಬೇರೆ ಬಡಗಿಯನ್ನು ಹುಡುಕುವ ಸ್ವಾತಂತ್ರ್ಯ ಅಷ್ಟಾಗಿ ಇರಲಿಲ್ಲ. ಆದರೆ ಕೆಲಸಗಾರನನ್ನು ‘ಗೊತ್ತು ಮಾಡಿಕೊಳ್ಳುವ’ ಸಮಸ್ಯೆಯೂ ಇರಲಿಲ್ಲ. ಅವನು ಗೊತ್ತಿದ್ದವನೇ.

ಅಪರಿಚಿತನನ್ನು ಗೊತ್ತು ಮಾಡಿಕೊಳ್ಳುವ ಕಾಲ ಬಂದದ್ದನ್ನು ಶಬ್ದಗಳೇ ಹೇಳುತ್ತವೆ. ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದ ಪದ. ‘ಗುತ್ತಿಗೆ’ ಹಳೆಯದು. ಶಾಸನಗಳಲ್ಲಿ ಅದು ನೆಲಕ್ಕೆ, ಗೊತ್ತಾದ ಗೇಣಿಗೆ ಸಂಬಂಧಿಸಿದ ಪದ. ಇಷ್ಟು ಭೂಮಿಗೆ ಇಷ್ಟು ಎಂದು ಮೊದಲೇ ಕಡಿದು ಹೇಳುವ ಆ ಲೆಕ್ಕಾಚಾರ ಮುಂದೆ ನೆಲದಿಂದ ಕಟ್ಟಡಕ್ಕೆ ಹತ್ತಿತು. ಕಂಟ್ರಾಕ್ಟರು ಮಾತ್ರ ಸರ್ಕಾರದ ಜೊತೆಗೆ ಬಂದವನು. ಕಮಿಷನರ್ ಕಬ್ಬನ್ನನ ಆಡಳಿತದಲ್ಲಿ, 1856ರಲ್ಲಿ, ಮೈಸೂರು ಸಂಸ್ಥಾನಕ್ಕೆ ಲೋಕೋಪಯೋಗಿ ಇಲಾಖೆ ಬಂತು. ಅಂದಾಜುಪಟ್ಟಿ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಎಂಬ ಹೊಸ ಕಾಗದದ ಲೋಕವೂ ಹಳ್ಳಿಗಳನ್ನು ಮುಟ್ಟಿತು.

ಕೆರೆ, ರಸ್ತೆ, ನಾಲೆಗಳ ಕೆಲಸ ಹೆಚ್ಚಿದಂತೆ ಕಂಟ್ರಾಕ್ಟರು ಈ ಸೀಮೆಯ ಸಾರ್ವಜನಿಕ ಜೀವನದ ದೊಡ್ಡ ಪಾತ್ರವಾದ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಕಂಟ್ರಾಕ್ಟರ್ ಆಗಿ ಕೆಲಸ ಮಾಡಿ, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಹೋದವರು. ಅವರ ರಾಜಕಾರಣದ ಬಗ್ಗೆ ಬರೆದಷ್ಟನ್ನು ಆ ಮೊದಲ ಕಸುಬಿನ ಬಗ್ಗೆ ಯಾರೂ ಬರೆದಂತಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ಕುತೂಹಲದ ವಿಷಯ.

ಸರ್ಕಾರ ತನ್ನ ಕೆಲಸ ಕೊಡುವಾಗ ಬಹಳ ಹುಷಾರು. ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರು ನೋಂದಾಯಿಸಿಕೊಳ್ಳಬೇಕು. ಅವರಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ ಎಂಬ ಅಂತಸ್ತುಗಳಿವೆ, ದರ್ಜೆಗೆ ತಕ್ಕ ಮೊತ್ತದ ಕೆಲಸಗಳಿವೆ. ಠೇವಣಿ ಇಡಬೇಕು. 1999ರ ಪಾರದರ್ಶಕ ಕಾಯ್ದೆ ಟೆಂಡರಿನ ಹೆಜ್ಜೆ ಹೆಜ್ಜೆಗೂ ನಿಯಮ ಹಾಕಿದೆ. ಹಳ್ಳಿಯಲ್ಲಿ ‘ಅವರು ಲೈಸೆನ್ಸ್ ಇರೋ ಕಂಟ್ರಾಕ್ಟರು’ ಅಂದರೆ ಸಾಮಾನ್ಯವಾಗಿ ಅರ್ಥ ಇದೇ: ಸರ್ಕಾರಿ ಕೆಲಸ ಹಿಡಿಯಬಲ್ಲವರು.

ಬಡವನ ಮನೆಯ ವಿಷಯ ಬಂದಾಗ ಅದೇ ಸರ್ಕಾರ ಕಂಟ್ರಾಕ್ಟರನ್ನು ಹೊಸ್ತಿಲ ಹೊರಗೇ ನಿಲ್ಲಿಸಿತು. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯ ಮಾರ್ಗಸೂಚಿಗಳು ಗುತ್ತಿಗೆದಾರರನ್ನು ತೊಡಗಿಸಬಾರದು ಎಂದವು. ಫಲಾನುಭವಿ ತಾನೇ ನಿಂತು ಕಟ್ಟಿಸಿಕೊಳ್ಳಬೇಕು. ಅನುದಾನ ಒಂದೇ ಸಲ ಕೈಗೆ ಬರುವುದಿಲ್ಲ. ಕೆಲಸ ಎದ್ದ ಹಾಗೆ, ಫೋಟೊ ತೆಗೆದ ಹಾಗೆ ಕಂತು ಕಂತಾಗಿ ಬರುತ್ತದೆ. ಹೀಗೆ ತನ್ನ ಕಟ್ಟಡಕ್ಕೆ ದರ್ಜೆಯ ಗುತ್ತಿಗೆದಾರ, ಬಡವನ ಮನೆಗೆ ಗುತ್ತಿಗೆದಾರನೇ ಬೇಡ. ನಡುವಿನವರ ಮನೆಯ ಬಗ್ಗೆ ಸರ್ಕಾರ ಏನನ್ನೂ ಹೇಳಲಿಲ್ಲ.

ಹಿರೀಸಾವೆ ಬೆಂಗಳೂರು–ಹಾಸನ ಹೆದ್ದಾರಿಯ ಮೇಲಿನ ಹೋಬಳಿ ಕೇಂದ್ರ. ಇಂಥ ಊರುಗಳಲ್ಲಿ ಏಳುತ್ತಿರುವ ಬಹುಪಾಲು ಮನೆಗಳು ಈ ನಡುವಿನವರವೇ. ತೆಂಗು ಮಾರಿದ ದುಡ್ಡು, ಬೆಂಗಳೂರಲ್ಲಿ ದುಡಿಯುವ ಮಗ ಕಳಿಸಿದ್ದು, ಸೊಸೈಟಿ ಸಾಲ ಎಲ್ಲ ಸೇರಿಸಿದ ಮನೆ. ಮಾತುಕತೆ ಚದರದ ಲೆಕ್ಕದಲ್ಲಿ ನಡೆಯುತ್ತದೆ. ಚದರವೆಂದರೆ ನೂರು ಚದರಡಿ. ‘ಲೇಬರ್ ಮಾತ್ರವೋ, ಮೆಟೀರಿಯಲ್ ಸಮೇತವೋ’ ಎಂಬುದು ಮೊದಲ ಪ್ರಶ್ನೆ. ಆಮೇಲೆ ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್ ಹಾಕಿದ ಮೇಲೆ ಇಷ್ಟು. ‘ಏನ್ ಅಣ್ಣ, ನಿಮ್ಗೆ ಮೋಸ ಮಾಡಿ ನಾನು ಈ ಊರಲ್ಲಿ ಓಡಾಡೋಕಾಗ್ತದಾ?’ ಎಂಬ ಮಾತೇ ಜಾಮೀನು. ಆಯಗಾರನ ಕಾಲದ ಜಾಮೀನು ಅದು. ಆದರೆ ಇಂದು ಗಾರೆ ಕೆಲಸಕ್ಕೆ, ಸೆಂಟ್ರಿಂಗಿಗೆ ಬರುವವರಲ್ಲಿ ಬೇರೆ ಜಿಲ್ಲೆಯವರು, ಬೇರೆ ರಾಜ್ಯದವರು ಇರುತ್ತಾರೆ. ಕೆಲಸ ಮುಗಿದರೆ ಅವರು ಮುಂದಿನ ಊರಿಗೆ ಹೋಗುತ್ತಾರೆ. ಕ್ಯೂರಿಂಗ್ ಸರಿಯಾಗದ ಛಾವಣಿ ಬಾಯಿಬಿಡುವುದು ಎರಡನೇ ಮಳೆಗಾಲಕ್ಕೆ. ಆಗ ಕೈಯಲ್ಲಿ ಇರುವುದು ಒಂದು ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ದಿನಾಂಕ, ಕೊಟ್ಟ ದುಡ್ಡು. ಪಡೆದವನ ಸಹಿ ಇದ್ದರೆ ಪುಣ್ಯ.

ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಮನೆ ನಿರ್ಮಾಣವೂ ಒಂದು ಸೇವೆ, ಅದರ ಲೋಪಕ್ಕೆ ಗ್ರಾಹಕ ದೂರು ಕೊಡಬಹುದು ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅದನ್ನು ಕಾಯ್ದೆಯೊಳಗೂ ಸೇರಿಸಿತು. ಆದರೆ ಆಯೋಗದ ಮುಂದೆ ಇಡಲು ಕರಾರು ಬೇಕು, ರಸೀದಿ ಬೇಕು. ‘ಛಾಪಾ ಕಾಗದದ ಮೇಲೆ ಬರೆದುಕೊಡಿ’ ಅಂದರೆ ನಮ್ಮಲ್ಲಿ ಅದು ಅಪನಂಬಿಕೆಯ ಮಾತಾಗಿ ಕೇಳಿಸುತ್ತದೆ. ಬರೆಯಲು ಬರುವವರೂ ಕೇಳಲು ನಾಚುತ್ತಾರೆ.

ಗೋಡೆಯ ಆಚೆ ಬದಿಯಲ್ಲಿ ನಿಂತವರ ಕಥೆ ಇನ್ನೂ ತೆಳು. ಕಟ್ಟಡ ಕಾರ್ಮಿಕರ ಕಾಯ್ದೆ ಸುಗ್ರೀವಾಜ್ಞೆಯಾಗಿ ಓಡಾಡಿ, 1996ರ ಆಗಸ್ಟಿನಲ್ಲಿ ಕಾಯ್ದೆಯಾಯಿತು. ಆಗ ಪ್ರಧಾನಿಯಾಗಿದ್ದವರು ಹರದನಹಳ್ಳಿಯ ಆ ಹಳೆಯ ಸಿವಿಲ್ ಕಂಟ್ರಾಕ್ಟರೇ. ಕಟ್ಟಿಸುವವರಿಂದ ಶೇಕಡಾ 1ರಷ್ಟು ಸೆಸ್ ಪಡೆದು ಕಾರ್ಮಿಕರಿಗೆ ನೆರವಾಗುವ ವ್ಯವಸ್ಥೆ ಅದರ ಜೊತೆಗೇ ಬಂತು. ತನ್ನ ವಾಸಕ್ಕೆಂದು ಹತ್ತು ಲಕ್ಷ ರೂಪಾಯಿ ಮೀರದ ಮನೆ ಕಟ್ಟಿಸಿಕೊಳ್ಳುವವನಿಗೆ ವಿನಾಯಿತಿ ಇತ್ತು. ಅಂದು ಹತ್ತು ಲಕ್ಷದ ಮನೆ ಹಳ್ಳಿಯಲ್ಲಿ ಬಂಗಲೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿತು. ಹಿರೀಸಾವೆಯಂಥ ಊರಿನ ಬಹುಪಾಲು ಮನೆಗಳು ಇದರೊಳಗೇ ಬರುತ್ತವೆ. ಮನೆಯವನ ಜೇಬಿಗೆ ಇದು ಒಳ್ಳೆಯದೇ. ಸಾರವೆಯಿಂದ ಬಿದ್ದವನಿಗೆ ಒಳ್ಳೆಯದೆಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ 1929ರಲ್ಲೇ ಕಂಟ್ರಾಕ್ಟರರಿಗೆ ಪರವಾನಗಿಯ ಕಾನೂನು ಮಾಡಿತು. ಅಲ್ಲಿ ಮನೆ ಕಟ್ಟಿಸುವವರು ಸಂಖ್ಯೆಯೊಂದನ್ನು ನೋಡಿ ಆ ವ್ಯಕ್ತಿಯ ಪೂರ್ವಾಪರ ತಿಳಿಯಬಹುದು. ಅದನ್ನೇ ಎತ್ತಿ ಇಲ್ಲಿ ನೆಟ್ಟರೆ ಅನುಭವಿ ಮೇಸ್ತ್ರಿಗಳೆಲ್ಲ ಕಛೇರಿಯ ಮೆಟ್ಟಿಲಲ್ಲಿ ಸಾಲುಗಟ್ಟಬೇಕಾದೀತು, ಕಾಗದ ಹೊಂದಿಸಬಲ್ಲವನು ಕೆಲಸ ಬಲ್ಲವನನ್ನು ಹಿಂದೆ ಹಾಕಿಯಾನು ಎಂಬ ಭಯ ನನಗಿದೆ. ಬೈಚೋಜನಿಗೆ ಯಾವ ಕಛೇರಿಯೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಅವನು ಮಾಡಿದ್ದು ಮೂರ್ತಿಯ ಕೆಳಗೆ ತನ್ನ ಹೆಸರು ಕೆತ್ತಿದ್ದು.

ಈಗಿನ ಮನೆಗಳ ಕಾಗದಗಳನ್ನು ಮುಂದೆ ಯಾರಾದರೂ ಸಂಶೋಧನೆಗೆ ತೆರೆದರೆ ಏನು ಸಿಗುತ್ತದೆ? ಗ್ರಾಮ ಪಂಚಾಯಿತಿಯ ಅನುಮತಿಯಲ್ಲಿ ಕಟ್ಟಿಸಿದವರ ಹೆಸರಿರುತ್ತದೆ. ಗೋಡೆಯ ಮೇಲಿನ ಗ್ರಾನೈಟ್ ಫಲಕದಲ್ಲಿ ತಂದೆತಾಯಿಯ ಇಲ್ಲವೇ ಮನೆದೇವರ ಹೆಸರಿನ ‘ನಿಲಯ’ ಇರುತ್ತದೆ. ಗೃಹಪ್ರವೇಶದ ದಿನ ಪಂಚೆ, ಶಲ್ಯ ಕೊಟ್ಟು ಕೂರಿಸಿ ಊಟ ಬಡಿಸಿದ ಮೇಸ್ತ್ರಿ ಯಾವ ಕಡತದಲ್ಲೂ ಇರುವುದಿಲ್ಲ. ಒಂದೇ ಒಂದು ಕಡತ ಮಾತ್ರ ಬೇರೆ. ವಿದ್ಯುತ್ ಸಂಪರ್ಕಕ್ಕೆ ಸೆಸ್ಕ್ ಕಛೇರಿಗೆ ಅರ್ಜಿ ಹಾಕುವಾಗ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನ ವರದಿ ಬೇಕು. ಪಾಯ ತೋಡಿದವನಿಂದ ಛಾವಣಿ ಹಾಕಿದವನವರೆಗೆ ಯಾರಿಂದಲೂ ಕೇಳದ ಲೈಸೆನ್ಸ್ ನಂಬರನ್ನು ಅಲ್ಲಿ, ಗೋಡೆಗೆ ತಂತಿ ಎಳೆದವನಿಂದ ಕೇಳುತ್ತಾರೆ. ನಂಬರಿನ ಕೆಳಗೆ ಅವನು ಸಹಿ ಹಾಕುತ್ತಾನೆ.