ಅಂಬಾಸಿಡರಿನ ಪರಕಾಯ ಪ್ರವೇಶ

ದೇವನಹಳ್ಳಿಗೆ ಹತ್ತಿರದ ನಲ್ಲೂರು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಹುಣಸೆ ತೋಪು. ಐವತ್ತಕ್ಕೂ ಹೆಚ್ಚು ಎಕರೆಯಲ್ಲಿ ಹರಡಿಕೊಂಡು, ತಲೆಮಾರುಗಳ ಗಾಳಿಮಳೆಗೆ ಮೈಯೊಡ್ಡಿ, ಗಂಟುಗಂಟಾಗಿ ನಿಂತಿರುವ ಆ ಮರಗಳ ತಾಣವನ್ನು 2007ರಲ್ಲಿ ನಮ್ಮ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಲಾಯಿತು. ನನಗೆ ಮಾತ್ರ ನಲ್ಲೂರು ಎಂದರೆ ಇನ್ನೊಂದು ಹುಣಸೆ ಮರ ಕಣ್ಣ ಮುಂದೆ ಬರುತ್ತದೆ. ಅದು ತೋಪಿನದಲ್ಲ, ನಮ್ಮ ಚಿಕ್ಕಪ್ಪನ ಕಣದ ಅಂಚಿನಲ್ಲಿದ್ದ, ಯಾವ ಚರಿತ್ರೆಯೂ ಇಲ್ಲದ ಸಾಧಾರಣ ಮರ. 1984ರ ಬೇಸಗೆಯ ಒಂದು ಬೆಳಗ್ಗೆ ಅದರ ಕೊಂಬೆಗೆ ಸರಪಳಿಯ ರಾಟೆಯನ್ನು ಬಿಗಿದು, ಅಂಬಾಸಿಡರ್ ಕಾರೊಂದರ ಪೆಟ್ರೋಲ್ ಎಂಜಿನ್ನನ್ನು ಮೇಲೆತ್ತಿದರು. ಸಂಜೆಯ ಹೊತ್ತಿಗೆ ಅದೇ ಕೊಂಬೆಯಿಂದ ಒಂದು ಡೀಸೆಲ್ ಎಂಜಿನ್ ಆ ಬರಿದಾದ ಗೂಡಿನೊಳಕ್ಕೆ ಇಳಿಯಿತು.

ವಿಕ್ರಮಾದಿತ್ಯನು ತನ್ನ ದೇಹವನ್ನು ಬಿಟ್ಟು ಗಿಳಿಯ ದೇಹವನ್ನು ಹೊಕ್ಕ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅಂದು ನಾನು ಕಂಡದ್ದೂ ಒಂದು ಪರಕಾಯ ಪ್ರವೇಶವೇ. ಕಾರಿನ ಮೈ ಹಳೆಯದೇ, ಬಣ್ಣ ಹಳೆಯದೇ, ನಂಬರು ಹಳೆಯದೇ. ಜೀವ ಮಾತ್ರ ಬೇರೆ. ಆ ಜೀವ ಬದಲಾದದ್ದೇಕೆ, ಅದರಿಂದ ಉಳಿದದ್ದೇನು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದೇ ನನ್ನ ಈ ಹೊತ್ತಿನ ಮಾತಿನ ವಸ್ತು.

ಅಂಬಾಸಿಡರ್ ನಮ್ಮ ರಸ್ತೆಗಿಳಿದದ್ದು 1957ರಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನೇ ತಂದು, ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಅದನ್ನು ತಯಾರಿಸಿತು. ಎರಡು ವರ್ಷಗಳಲ್ಲೇ ಅದಕ್ಕೆ 1489 ಘನ ಸೆಂಟಿಮೀಟರಿನ ಹೊಸ ಪೆಟ್ರೋಲ್ ಎಂಜಿನ್ ಬಂದಿತು. ಸರ್ಕಾರಿ ಅಧಿಕಾರಿಗಳ, ವೈದ್ಯರ, ಜಮೀನುದಾರರ ಗೌರವದ ಗುರುತಾಗಿ ಅದು ಬೆಳೆಯಿತು. ಆ ದಿನಗಳಲ್ಲಿ ಪೆಟ್ರೋಲಿನ ಖರ್ಚಿನ ವಿಚಾರವಾಗಿ ಗೊಣಗುವುದು ಕಾರಿಟ್ಟವರ ಘನತೆಗೆ ಒಪ್ಪುವ ಮಾತಾಗಿರಲಿಲ್ಲ.

ಈ ಘನತೆಗೆ ಪೆಟ್ಟು ಬಿದ್ದದ್ದು 1973ರಲ್ಲಿ. ಆ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ತೈಲವುಳ್ಳ ಅರಬ್ ರಾಷ್ಟ್ರಗಳು ತಮ್ಮ ಕೊಳಾಯಿಯನ್ನು ಬಿಗಿ ಮಾಡಿದವು. ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರನ್ನು ದಾಟಿತು. 1979ರ ಇರಾನ್ ಕ್ರಾಂತಿಯ ತರುವಾಯ ಅದು 30 ಡಾಲರನ್ನೂ ಮೀರಿತು. ಎಲ್ಲಿಯೋ ಮರಳುಗಾಡಿನಲ್ಲಿ ನಡೆದ ಕದನ ದೇವನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ನಮ್ಮ ಚಿಕ್ಕಪ್ಪನ ಜೇಬಿಗೆ ಕೈಹಾಕಿತು.

ಇಂಥ ಬಿಕ್ಕಟ್ಟು ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಬಸ್ಸುಗಳ ಬೆನ್ನಿಗೆ ಕಬ್ಬಿಣದ ಒಲೆಯನ್ನು ಕಟ್ಟಿ, ಇದ್ದಲನ್ನು ಉರಿಸಿ, ಅದರಿಂದ ಹುಟ್ಟಿದ ಅನಿಲದಿಂದಲೇ ಎಂಜಿನ್ ನಡೆಸುತ್ತಿದ್ದರು. ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತೆಂದು ನಮ್ಮ ತಂದೆ ನಗುತ್ತ ಹೇಳುತ್ತಿದ್ದರು. ಯುದ್ಧ ಮುಗಿಯಿತು, ಒಲೆ ಇಳಿಯಿತು. ಅದು ಆಪತ್ಕಾಲದ ಧರ್ಮ. ಡೀಸೆಲಿನ ಕಥೆ ಹಾಗಲ್ಲ. ಅದು ಬಂದು ನೆಲೆಯೂರಿತು.

ನೆಲೆಯೂರುವುದಕ್ಕೆ ಒಂದು ಕಾರಣ ನಮ್ಮ ಸರ್ಕಾರಗಳ ಸುಂಕದ ನೀತಿ. ಪೆಟ್ರೋಲ್ ಸ್ಥಿತಿವಂತರ ವಿಲಾಸವೆಂದೂ, ಡೀಸೆಲ್ ಬಸ್ಸು, ಲಾರಿ, ನೀರೆತ್ತುವ ಯಂತ್ರಗಳ ಆಹಾರವೆಂದೂ ಬಗೆದು, ಮೊದಲನೆಯದರ ಮೇಲೆ ಹೆಚ್ಚು ಸುಂಕವನ್ನೂ ಎರಡನೆಯದರ ಮೇಲೆ ಕಡಿಮೆ ಸುಂಕವನ್ನೂ ಹಾಕುತ್ತ ಬಂದರು. ಉದ್ದೇಶ ಒಳ್ಳೆಯದೇ. ರಾಗಿಯ ಮೂಟೆ ಹೊರುವ ಲಾರಿಯ ಬಾಡಿಗೆ ಏರಿದರೆ ಬಡವನ ಮುದ್ದೆಯ ಬೆಲೆಯೂ ಏರುತ್ತದೆ. ಆದರೆ ಒಂದೇ ಬಂಕಿನ ಎರಡು ಪಂಪುಗಳಲ್ಲಿ ಎರಡು ಬೆಲೆಗಳಿದ್ದರೆ, ಜನ ಅಗ್ಗದ ಪಂಪಿನ ಮುಂದೆ ನಿಲ್ಲುವ ದಾರಿಯನ್ನು ಹುಡುಕದೆ ಇರುತ್ತಾರೆಯೆ?

ಇನ್ನೊಂದು ಕಾರಣ ಯಂತ್ರದ ಗುಣ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತೋರಿಸಿಕೊಟ್ಟ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ತಾನಾಗಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಚಿಮ್ಮಿಸಿದರೆ ಅದು ತಾನಾಗಿ ಹತ್ತಿಕೊಳ್ಳುತ್ತದೆ. ಆ ಕಾಲದ ಪೆಟ್ರೋಲ್ ಕಾರುಗಳು ಒಳಗೆಳೆದುಕೊಂಡದ್ದನ್ನು ಏಳೆಂಟರಲ್ಲಿ ಒಂದು ಪಾಲಿಗೆ ಅದುಮಿದರೆ, ಸಣ್ಣ ಡೀಸೆಲ್ ಎಂಜಿನ್ನುಗಳು ಇಪ್ಪತ್ತರಲ್ಲಿ ಒಂದು ಪಾಲಿಗೂ ಮೀರಿ ಅದುಮುತ್ತಿದ್ದವು. ಹೆಚ್ಚು ಅದುಮಿದಷ್ಟೂ ಉರಿದ ಎಣ್ಣೆಯಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದಕ್ಕಿಂತ ತುಸು ಹೆಚ್ಚು ಶಕ್ತಿಯೂ ಅಡಗಿದೆ. ನಮ್ಮ ಕಾರಿನ ಕೆಲಸಕ್ಕೆ ಶಿವಾಜಿನಗರದಿಂದ ಬಂದಿದ್ದ ವಯಸ್ಸಾದ ಮೆಕ್ಯಾನಿಕ್ ಸಾಹೇಬರು ಈ ಶಾಸ್ತ್ರವನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ್ದರು: “ಪೆಟ್ರೋಲಿಗೆ ಕಿಡಿ ಕೊಟ್ಟರೆ ಸಾಕು ಸ್ವಾಮಿ, ಡೀಸೆಲಿಗೆ ದಮ್ಮು ಕೊಡಬೇಕು.”

ಡೀಸೆಲನ್ನು ಕಾರಿಗೆ ಹಾಕುವ ಯೋಚನೆ ಹೊರದೇಶಗಳಲ್ಲಿ ಹಳೆಯದು. ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿ 1936ರಲ್ಲೇ ಡೀಸೆಲ್ ಕಾರನ್ನು ಮಾರಾಟಕ್ಕಿಟ್ಟಿತ್ತು. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರನ್ನು ಹೊರತಂದಿತು. ಇಲ್ಲಿ ಒಂದು ಸ್ವಾರಸ್ಯವುಂಟು. ಈ ಡೀಸೆಲ್ ಎಂಜಿನ್ನೂ ಹಳೆಯ ಪೆಟ್ರೋಲ್ ಎಂಜಿನ್ನೂ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಒಂದೇ ಮನೆತನದವು. ಅಳತೆಯೂ ಅದೇ 1489. ಅಣ್ಣ ಎದ್ದುಹೋದ ಮಣೆಯ ಮೇಲೆ ತಮ್ಮ ಕುಳಿತ ಹಾಗೆ. ಹೊಸ ಕಾರು ಕೊಳ್ಳಲಾರದವರು ಹಳೆಯ ಕಾರಿಗೆ ಈ ಎಂಜಿನ್ನನ್ನು ಹೊಂದಿಸಿಕೊಂಡರು. ಅದೂ ಎಟುಕದವರು ಗುಜರಿಗೆ ಬಂದ ಮ್ಯಾಟಡಾರ್ ವ್ಯಾನಿನ ಎಂಜಿನ್ನನ್ನು ಕೂರಿಸಿಕೊಂಡರು.

ಬೆಂಗಳೂರು ಈ ವಿದ್ಯೆಗೆ ಹೇಳಿ ಮಾಡಿಸಿದ ಊರಾಗಿತ್ತು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ಶಿವಾಜಿನಗರದ ಗುಜರಿ, ಲೇತಿನ ಮೇಲೆ ಏನನ್ನು ಬೇಕಾದರೂ ಕಡೆದುಕೊಡುವ ಸಣ್ಣ ಕಾರ್ಖಾನೆಗಳು ಒಂದೇ ನಗರದಲ್ಲಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಆಡುಗೋಡಿಯ ‘ಮೈಕೊ’ ಇತ್ತು. 1951ರಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿ ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗನ್ನೂ ತಯಾರಿಸುತ್ತಿತ್ತು, ಡೀಸೆಲ್ ಎಂಜಿನ್ನಿಗೆ ಬೇಕಾದ ಎಣ್ಣೆ ಚಿಮ್ಮಿಸುವ ಪಂಪನ್ನೂ ತಯಾರಿಸುತ್ತಿತ್ತು. ಕಾರು ತನ್ನ ಧರ್ಮವನ್ನು ಬದಲಿಸಿದರೂ ಮಠ ಬದಲಾಗಲಿಲ್ಲವೆನ್ನಬೇಕು.

ಹಳ್ಳಿಯವರಿಗೆ ಡೀಸೆಲಿನ ಮೇಲೆ ನಂಬಿಕೆ ಹುಟ್ಟಿದ್ದು ಮಾತ್ರ ಕಾರಿನಿಂದಲ್ಲ, ಬಾವಿಯಿಂದ. ವಿದ್ಯುತ್ತಿನ ಕಂಬ ಬಾರದ ತೋಟಗಳಲ್ಲಿ ಕಪಿಲೆಯ ಎತ್ತುಗಳಿಗೆ ವಿಶ್ರಾಂತಿ ಕೊಟ್ಟದ್ದು ‘ಆಯಿಲ್ ಎಂಜಿನ್’. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳಿಗೆಂದೇ ಒಂದು ಕಂಪನಿಯನ್ನು ತೆರೆದಿದ್ದರು. ನಮ್ಮ ಚಿಕ್ಕಪ್ಪನ ಹಿಪ್ಪುನೇರಳೆ ತೋಟಕ್ಕೆ ನೀರುಣಿಸುತ್ತಿದ್ದುದೂ ಅಂಥದೇ ಎಂಜಿನ್. “ಹತ್ತು ವರ್ಷದಿಂದ ಹಗಲೂ ರಾತ್ರಿ ಬಡಕೊಳ್ತಾ ಇದೆ, ಒಂದು ದಿನ ಮುನಿಸಿಕೊಂಡಿಲ್ಲ. ಕಾರು ಎಳೆಯಲಾರದೇನೋ ಮಗ?” ಎಂದು ಅವರು ನನ್ನನ್ನು ಕೇಳಿದ್ದರು. ಧಣಿಗಳ ಕಾರಿಗೆ ಬೇಸಾಯದ ಎಂಜಿನ್ ಹಾಕುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಡೀಸೆಲ್ ಎಂಜಿನ್ ಹೆಚ್ಚು ತೂಕದ್ದು. ಮುಂದಿನ ಸ್ಪ್ರಿಂಗುಗಳನ್ನು ಬಲಪಡಿಸಬೇಕು. ಅದರ ನಡುಕ ಹೆಚ್ಚು. ಎಂಜಿನ್ ಕೂರುವ ರಬ್ಬರು ದಿಂಬುಗಳು ಗಟ್ಟಿಯಾಗಿರಬೇಕು. ಗಾಳಿಯನ್ನು ಅಷ್ಟು ಬಿಗಿಯಾಗಿ ಅದುಮುವ ಎಂಜಿನ್ನನ್ನು ತಿರುಗಿಸಿ ಎಬ್ಬಿಸಲು ದೊಡ್ಡ ಬ್ಯಾಟರಿ ಬೇಕು. ಚಳಿಯ ಮುಂಜಾವಿನಲ್ಲಿ ಅದನ್ನು ಬೆಚ್ಚಗೆ ಮಾಡುವ ಹೀಟರ್ ಪ್ಲಗ್ಗುಗಳಿಗೂ ಆ ಬ್ಯಾಟರಿಯೇ ಗತಿ. ಉಳಿದ ಎಣ್ಣೆ ಟ್ಯಾಂಕಿಗೆ ಮರಳಲು ಇನ್ನೊಂದು ಕೊಳವೆ ಬೇಕು. ಇಷ್ಟಾದ ಮೇಲೆ ಸಿಗುತ್ತಿದ್ದುದು 37 ಅಶ್ವಶಕ್ತಿ. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿದ್ದುದು ಸುಮಾರು 50. ನಂದಿ ಬೆಟ್ಟದ ಏರಿನಲ್ಲಿ ನಮ್ಮ ಕಾರು ಬಸುರಿ ಎಮ್ಮೆಯ ಹಾಗೆ ನಡೆಯುತ್ತಿತ್ತು. ಚಿಕ್ಕಮ್ಮನ ಟೀಕೆ ಇನ್ನೂ ಚುರುಕಾಗಿತ್ತು: “ಮುಂಚೆ ನೀವು ಬಂದದ್ದು ಬಾಗಿಲು ತಟ್ಟಿದ ಮೇಲೆ ಗೊತ್ತಾಗ್ತಿತ್ತು. ಈಗ ನೀವು ಕೆರೆ ಏರಿ ಮೇಲಿರುವಾಗಲೇ ನಾನು ಸಾರಿಗೆ ಒಗ್ಗರಣೆ ಹಾಕಬಹುದು.”

ಆದರೂ ಲೆಕ್ಕ ಲೆಕ್ಕವೇ. ಪೆಟ್ರೋಲಿನ ಬೆಲೆ ಎರಡು ಪಾಲು, ಡೀಸೆಲಿನದು ಒಂದು ಪಾಲು ಎಂದಿಟ್ಟುಕೊಳ್ಳೋಣ. ಲೀಟರಿಗೆ ಪೆಟ್ರೋಲಿನಲ್ಲಿ 9 ಕಿಲೋಮೀಟರ್, ಡೀಸೆಲಿನಲ್ಲಿ 13 ಕಿಲೋಮೀಟರ್ ಎಂದು ಹಿಡಿಯೋಣ. ನೂರು ಕಿಲೋಮೀಟರಿಗೆ ಪೆಟ್ರೋಲ್ ಕಾರು 22 ಪಾಲು ಹಣವನ್ನು ಉರಿಸಿದರೆ, ಡೀಸೆಲ್ ಕಾರು ಎಂಟು ಪಾಲನ್ನೂ ಉರಿಸುವುದಿಲ್ಲ. ದಿನಕ್ಕೆ ನೂರು ಕಿಲೋಮೀಟರ್ ಓಡುವ ಬಾಡಿಗೆ ಕಾರು ಒಂದು ವರ್ಷದಲ್ಲಿ ಎತ್ತಿಕೊಳ್ಳುವ ಅಸಲನ್ನು, ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡುವ ಡಾಕ್ಟರ ಕಾರು ಎತ್ತಿಕೊಳ್ಳಲು ಹತ್ತು ವರ್ಷ ಬೇಕು. ಎಷ್ಟೋ ಮಂದಿ ನೆರೆಯವರನ್ನು ನೋಡಿ ಎಂಜಿನ್ ಬದಲಿಸಿ ಕೈಸುಟ್ಟುಕೊಂಡದ್ದು ಈ ಸಣ್ಣ ಭಾಗಾಕಾರವನ್ನು ಮರೆತದ್ದರಿಂದ.

ಚಿಕ್ಕಪ್ಪ ಮರೆತಿರಲಿಲ್ಲ. ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದು, ಮದುವೆ ದಿಬ್ಬಣ, ಆಸ್ಪತ್ರೆ ಎಲ್ಲಕ್ಕೂ ಅದೇ ಕಾರು. ಇನ್ನೊಂದು ಸಂಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೆಟ್ರೋಲಿನ ಕಾಲದಲ್ಲಿ ನಡುರಾತ್ರಿ ಯಾರಾದರೂ ಹೆರಿಗೆ ನೋವೆಂದು ಬಾಗಿಲು ತಟ್ಟಿದರೆ, ಚಿಕ್ಕಪ್ಪ ಹೊರಡುತ್ತಿದ್ದರು, ನಿಜ. ಹೊರಡುವ ಮುನ್ನ ಟ್ಯಾಂಕಿನ ಮುಳ್ಳನ್ನು ಒಮ್ಮೆ ನೋಡುತ್ತಿದ್ದರು. ಡೀಸೆಲ್ ಬಂದ ಮೇಲೆ ಆ ನೋಟ ನಿಂತುಹೋಯಿತು. ಮಿತವ್ಯಯವೆಂಬುದು ಮನುಷ್ಯನ ಔದಾರ್ಯವನ್ನೂ ಹಿಗ್ಗಿಸಬಲ್ಲದು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಇನ್ನು ನಷ್ಟದ ಬಾಬತ್ತು. ಎಂಜಿನ್ ಬದಲಿಸಿದರೆ ನೋಂದಣಿ ಪುಸ್ತಕದಲ್ಲಿ ಅದು ದಾಖಲಾಗಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಾಹನದ ಮಾರ್ಪಾಟಿಗೇ ಮೀಸಲಾಗಿದೆ. ನಮ್ಮ ಪುಸ್ತಕದಲ್ಲಿ ಆ ದಾಖಲೆ ಮಾಡಿಸಿಕೊಡುತ್ತೇನೆಂದು ಹಣ ಪಡೆದ ಮಧ್ಯವರ್ತಿಯೊಬ್ಬ ಮತ್ತೆ ಮುಖ ತೋರಿಸಲಿಲ್ಲ. 1996ರಲ್ಲಿ ಕಾರನ್ನು ಮಾರಲು ಹೊರಟಾಗ, ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನಡಿಯಲ್ಲಿ ಡೀಸೆಲ್! ಕಾನೂನಿನ ಕಣ್ಣಿನಲ್ಲಿ ನಮ್ಮ ಕಾರು ಹನ್ನೆರಡು ವರ್ಷ ವೇಷ ಮರೆಸಿಕೊಂಡು ಓಡಾಡಿತ್ತು. ಕೊನೆಗೆ ಅದು ಗುಜರಿಯ ಬೆಲೆಗೇ ಹೋಯಿತು.

ಆದರೆ ನಾನು ಹೇಳಬೇಕೆಂದಿರುವ ನಷ್ಟ ಇದಲ್ಲ. ಎಂಜಿನ್ ಬದಲಾದ ಮೊದಲ ವಾರವೇ ಚಿಕ್ಕಮ್ಮ ಒಂದು ಕಟ್ಟಪ್ಪಣೆ ಮಾಡಿದರು. ಕಾರನ್ನು ಹುಳುವಿನ ಮನೆಯ ಪಕ್ಕದಲ್ಲಿ ಸ್ಟಾರ್ಟ್ ಮಾಡಕೂಡದು. ರೇಷ್ಮೆ ಹುಳು ಬಲು ಸೂಕ್ಷ್ಮ ಜೀವಿ. ಹೊಗೆ ಸೋಕಿದರೆ ಸೊಪ್ಪು ಮುಟ್ಟದೆ ಸೊರಗುತ್ತದೆ. ಅಂದಿನಿಂದ ನಾವು ಹುಡುಗರು ಕಾರನ್ನು ಬೀದಿಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಅದನ್ನು ಎಬ್ಬಿಸುತ್ತಿದ್ದೆವು. ಅದರ ಕರಿಹೊಗೆ ನಮ್ಮ ಮುಖಕ್ಕೆ ರಾಚಿದಾಗ ಕೇಕೆ ಹಾಕಿ ನಗುತ್ತಿದ್ದೆವು. ಹುಳುವಿಗೆ ಆಗದ ಹೊಗೆ ಮಕ್ಕಳಿಗೆ ಆದೀತೆ ಎಂದು ಆ ಮನೆಯಲ್ಲಾಗಲಿ, ಆ ಬೀದಿಯಲ್ಲಾಗಲಿ ಯಾರೂ ಕೇಳಲಿಲ್ಲ. ಕೇಳುವಷ್ಟು ತಿಳಿವಳಿಕೆ ನಮಗಿರಲಿಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿಸ್ಸಂದಿಗ್ಧವಾಗಿ ಸಾರಿದ್ದು 2012ರಲ್ಲಿ.

ಅಷ್ಟರಲ್ಲಿ ಕಾಲವೂ ತಿರುಗಿತ್ತು. ಬಡವನ ಮುದ್ದೆಗೆಂದು ಕೊಟ್ಟ ರಿಯಾಯಿತಿ ಸಿರಿವಂತರ ಭಾರಿ ಕಾರುಗಳ ಹೊಟ್ಟೆ ಸೇರುತ್ತಿದೆಯೆಂಬ ದೂರು ಬಲವಾಯಿತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನೂ, 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯನ್ನೂ ಸರ್ಕಾರ ತನ್ನ ಹಿಡಿತದಿಂದ ಬಿಟ್ಟುಕೊಟ್ಟಿತು. ಎರಡು ಪಂಪುಗಳ ನಡುವಿನ ಕಂದರ ಕಿರಿದಾಯಿತು. ಅದೇ 2014ರ ಮೇ ತಿಂಗಳಿನಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರಿನ ತಯಾರಿಕೆಯೂ ನಿಂತುಹೋಯಿತು. ಎಂಜಿನ್ ಬದಲಿಸುವ ಕಲೆಗೆ ಆಧಾರವಾಗಿದ್ದ ಬೆಲೆಯೂ ಕಾರೂ ಒಂದೇ ವರ್ಷದಲ್ಲಿ ಕಣ್ಮರೆಯಾದವು.

ಹಾಗೆಂದು ನಾನು ಚಿಕ್ಕಪ್ಪನನ್ನು ದೂರಲಾರೆ. ಸಿಕ್ಕಿದ ಬೆಲೆಗಳ ನಡುವೆ ಸಂಸಾರ ತೂಗಿಸಿದವರು ಅವರು. ಇದ್ದುದನ್ನು ಎಸೆಯದೆ ಮತ್ತೊಂದು ಆಯುಷ್ಯ ಕೊಟ್ಟವರು. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ಎರಡೇ ಅಂಕಣಗಳಿದ್ದವು, ಪೆಟ್ರೋಲಿನದೊಂದು, ಡೀಸೆಲಿನದೊಂದು. ಗಾಳಿಗೆ ಒಂದು ಅಂಕಣ ಬೇಕಿತ್ತು. ಅದನ್ನು ಬರೆಯದೆ ಬಿಟ್ಟವರು ಅವರೊಬ್ಬರೇ ಅಲ್ಲ. ಸುಂಕ ಹಾಕಿದವರೂ ಬರೆಯಲಿಲ್ಲ, ಎಂಜಿನ್ ಮಾಡಿದವರೂ ಬರೆಯಲಿಲ್ಲ. ನಾವು ಉಳಿಸಿದೆವೆಂದುಕೊಂಡ ಹಣದ ಒಂದು ಪಾಲನ್ನು ದಾರಿಬದಿಯಲ್ಲಿ ನಡೆದುಹೋಗುತ್ತಿದ್ದ ಯಾರೋ ತಮ್ಮ ಉಸಿರಿನಿಂದ ತೆತ್ತಿದ್ದರು.

ಈಗ ಹಳೆಯ ಕಾರುಗಳಿಂದ ಎಂಜಿನ್ ಕಳಚಿ ವಿದ್ಯುತ್ ಮೋಟಾರನ್ನು ಕೂರಿಸುವವರು ಹುಟ್ಟಿಕೊಂಡಿದ್ದಾರೆ. ಇದು ಮತ್ತೊಂದು ಪರಕಾಯ ಪ್ರವೇಶ, ಇದರಲ್ಲಿ ಹೊಗೆಯಿಲ್ಲ. ಸಂತೋಷವೇ. ಆದರೆ ಅಂಥ ಕಾರನ್ನು ಕಂಡಾಗ ನನ್ನ ಬಾಯಿಗೆ ಬರುವ ಮೊದಲ ಪ್ರಶ್ನೆ ‘ಎಷ್ಟು ಉಳಿಯುತ್ತದೆ?’ ಎಂಬುದಲ್ಲ. ಚಿಕ್ಕಮ್ಮ ಹುಳುವಿನ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆ ಅದು: “ಇದರದು ಯಾವ ಕಡೆಗೆ ಹೋಗುತ್ತೆ?”