ಊಟದ ಮೇಜು ಮತ್ತು ಮುಚ್ಚಿದ ಬಾಗಿಲು: ಜಪಾನಿನ ದೂರದರ್ಶನ ನಾಟಕಗಳಲ್ಲಿ ಸಲಿಂಗ ಪ್ರೇಮ

ಜಪಾನಿನ ದೂರದರ್ಶನ ನಾಟಕಗಳನ್ನು ಅಧ್ಯಯನ ಮಾಡುವವರು ಕಥಾವಸ್ತುವಿಗೆ ಕೊಡುವಷ್ಟೇ ಗಮನವನ್ನು ಅವು ಪ್ರಸಾರವಾಗುವ ಹೊತ್ತಿಗೂ ಕೊಡಬೇಕಾಗುತ್ತದೆ. ಅಲ್ಲಿನ ವಾಣಿಜ್ಯ ವಾಹಿನಿಗಳಲ್ಲಿ ಒಂದು ನಾಟಕವು ವಾರಕ್ಕೊಂದು ಕಂತಿನಂತೆ ಸುಮಾರು ಮೂರು ತಿಂಗಳು ನಡೆದು ಹತ್ತು ಹನ್ನೆರಡು ಕಂತುಗಳಲ್ಲಿ ಮುಗಿಯುತ್ತದೆ. ನಮ್ಮ ಧಾರಾವಾಹಿಗಳಂತೆ ವರ್ಷಗಟ್ಟಲೆ ಎಳೆಯುವುದಿಲ್ಲ. ರಾತ್ರಿ ಒಂಬತ್ತು ಹತ್ತು ಗಂಟೆಯದು ಇಡೀ ಸಂಸಾರ ನೋಡುವ, ಜಾಹೀರಾತುದಾರರು ಹೆಚ್ಚು ಹಣ ತೆರುವ ಹೊತ್ತು. ಹನ್ನೊಂದು ದಾಟಿದ ಮೇಲಿನದು ಕಡಿಮೆ ವೆಚ್ಚದ, ಹೆಚ್ಚು ಸಡಿಲಿಕೆಯ ಹೊತ್ತು. ಬೆಳಗಿನ ಎಂಟು ಗಂಟೆ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ.ಯ ಹದಿನೈದು ನಿಮಿಷದ ನಾಟಕಕ್ಕೆ ಮೀಸಲು. ಸಲಿಂಗ ಪ್ರೇಮವು ಈ ಮೂರು ಹೊತ್ತುಗಳ ನಡುವೆ ಹೇಗೆ ಚಲಿಸಿತು, ಚಲಿಸುವಾಗ ತನ್ನ ದೇಹವನ್ನು ಎಲ್ಲಿ ಬಿಟ್ಟು ಬಂದಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಜಪಾನಿನಲ್ಲಿ ಇದೆಲ್ಲ ಮೊದಲಿನಿಂದಲೂ ಸಹಜವಾಗಿಯೇ ಇತ್ತೆಂಬ ಮಾತೊಂದು ಬಳಕೆಯಲ್ಲಿದೆ. ಇಹಾರಾ ಸಾಯ್‌ಕಾಕು ೧೬೮೭ರಲ್ಲಿ ಪ್ರಕಟಿಸಿದ ‘ನಾನ್‌ಶೊಕು ಒಕಾಗಾಮಿ’ಯನ್ನು ಅದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಸಮುರಾಯಿಗಳ ಮತ್ತು ಕಬುಕಿ ನಟರ ಪುರುಷಪ್ರೇಮದ ಕಥೆಗಳ ಆ ಸಂಕಲನ ನಿಜಕ್ಕೂ ಮಹತ್ವದ್ದೇ. ಆದರೆ ಅಲ್ಲಿನ ಪ್ರೇಮ ವಯಸ್ಸು, ಅಂತಸ್ತುಗಳ ಏಣಿಗೆ ಕಟ್ಟುಬಿದ್ದದ್ದು. ಸಮಾನರಾದ ಇಬ್ಬರು ಒಂದು ಮನೆ ಹೂಡುವ ಕಲ್ಪನೆ ಅದರದಲ್ಲ. ಮೇಜಿ ಸರ್ಕಾರವು ೧೮೭೨ರಲ್ಲಿ ಗಂಡಸರ ನಡುವಣ ಗುದಸಂಭೋಗವನ್ನು ಅಪರಾಧವೆಂದು ಸಾರಿತು. ೧೮೮೨ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಅದು ಬಿಟ್ಟುಹೋಯಿತು. ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತ ಸಂಬಂಧ ಬಿಡುಗಡೆಯಾಗಲು ೨೦೧೮ರ ಸೆಪ್ಟೆಂಬರಿನವರೆಗೆ ಕಾದ ನಮಗೆ ಈ ಹತ್ತು ವರ್ಷ ಅಲ್ಪವೆನಿಸಬಹುದು. ಆದರೆ ಕಾನೂನು ಶಿಕ್ಷಿಸದಿರುವುದು ಬೇರೆ, ಗುರುತಿಸುವುದು ಬೇರೆ. ಜಪಾನಿನ ಸಲಿಂಗಪ್ರೇಮಿಯ ಬಾಗಿಲಿಗೆ ಪೊಲೀಸರು ಬರಲಿಲ್ಲ. ಹಾಗೆಯೇ ‘ಕೊಸೆಕಿ’ ಎಂಬ ಕುಟುಂಬದಾಖಲೆಯ ಪುಸ್ತಕದಲ್ಲಿ ಅವನ ಸಂಗಾತಿಗೆ ಸ್ಥಳವೂ ಸಿಗಲಿಲ್ಲ. ದೂರದರ್ಶನದ ಕಥೆಗಳೆಲ್ಲ ಈ ಖಾಲಿ ಜಾಗದಲ್ಲೇ ಹುಟ್ಟಿವೆ.

ನಮ್ಮ ಚರಿತ್ರೆಯನ್ನು ೧೯೯೩ರ ಶರತ್ಕಾಲದಿಂದ ಆರಂಭಿಸುವುದು ಉಚಿತ. ಆ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ಎರಡು ನಾಟಕಗಳು ಒಟ್ಟಿಗೆ ನಡೆದವು. ನಿಪ್ಪೊನ್ ಟೆಲಿವಿಷನ್ನಿನಲ್ಲಿ ಬುಧವಾರ ರಾತ್ರಿ ಹತ್ತಕ್ಕೆ ಇಜಾವಾ ಮಾನ್ ಬರೆದ ‘ದೊಸೊಕಾಯ್’; ಹಳೆಯ ಸಹಪಾಠಿಗಳ ಕೂಟ ಎಂದು ಅದರ ಅರ್ಥ. ಮದುವೆಯಾಗಿ ಬಂದ ಹೆಣ್ಣಿಗೆ ತನ್ನ ಗಂಡ ಗಂಡಸರನ್ನು ಬಯಸುವವನೆಂದು ತಿಳಿಯುವುದು ಅದರ ಕೇಂದ್ರ. ಟೋಕಿಯೋದ ಶಿಂಜುಕು ನಿಚೋಮೆಯ ಮದ್ಯದಂಗಡಿಗಳನ್ನೂ ಗಂಡಸರ ಚುಂಬನವನ್ನೂ ಅದು ಕುಟುಂಬಗಳು ನೋಡುವ ಹೊತ್ತಿನಲ್ಲೇ ತೋರಿಸಿತು. ಫುಜಿ ಟೆಲಿವಿಷನ್ನಿನಲ್ಲಿ ಸೋಮವಾರ ಒಂಬತ್ತಕ್ಕೆ ‘ಅಸುನಾರೊ ಹಾಕುಶೊ’. ಸಾಯ್‌ಮೊನ್ ಫುಮಿಯ ಚಿತ್ರಕಥೆ, ಕಿತಾಗಾವಾ ಎರಿಕೊ ಬರೆದ ನಾಟಕ. ಐವರು ಕಾಲೇಜು ಗೆಳೆಯರ ಆ ಕಥೆಯಲ್ಲಿ ಮತ್ಸುಓಕಾ ಎಂಬಾತ ತನ್ನ ಗೆಳೆಯ ಕಾಕೆಯ್‌ಯನ್ನು ಹೇಳಿಕೊಳ್ಳಲಾರದೆ ಪ್ರೀತಿಸುತ್ತಾನೆ, ಕಥೆ ಮುಗಿಯುವ ಮೊದಲೇ ಸಾಯುತ್ತಾನೆ. ಒಂದರಲ್ಲಿ ಸಲಿಂಗ ಪ್ರೇಮ ದಾಂಪತ್ಯವನ್ನು ಒಡೆಯುವ ಆಘಾತ. ಇನ್ನೊಂದರಲ್ಲಿ ಗೆಳೆತನದ ಅಂಚಿನಲ್ಲಿ ನಿಂತು ಅಳಿದುಹೋಗುವ ಮೌನ. ಆದರೂ ದೇಹವನ್ನು ತೆರೆಯ ಮೇಲೆ ತರಲು ‘ದೊಸೊಕಾಯ್’ ಅಂಜಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಅದೇ ಹೊತ್ತಿನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯವಿತ್ತು. ಫುಚು ಎಂಬಲ್ಲಿನ ಸರ್ಕಾರಿ ಯುವನಿವಾಸದಲ್ಲಿ ತಂಗಲು ಸಲಿಂಗಪ್ರೇಮಿಗಳ ಸಂಘಟನೆಯೊಂದಕ್ಕೆ ೧೯೯೦ರಲ್ಲಿ ಅವಕಾಶ ನಿರಾಕರಿಸಲಾಗಿತ್ತು. ಅಧಿಕಾರಿಗಳು ಕೊಟ್ಟ ತರ್ಕ ವಿಚಿತ್ರ: ಗಂಡು ಹೆಣ್ಣು ಬೇರೆ ಬೇರೆ ಕೋಣೆಗಳಲ್ಲಿ ಮಲಗಬೇಕೆಂಬುದು ನಿಯಮ, ಆದ್ದರಿಂದ ಪರಸ್ಪರ ಆಕರ್ಷಣೆಯಿರಬಹುದಾದವರನ್ನು ಒಂದೇ ಕೋಣೆಯಲ್ಲಿ ಮಲಗಿಸಲಾಗದು! ೧೯೯೪ರ ಮಾರ್ಚಿಯಲ್ಲಿ ಸಂಘಟನೆ ಗೆದ್ದಿತು. ೧೯೯೭ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ತೆರೆಯ ಮೇಲೆ ಇಬ್ಬರು ಗಂಡಸರು ಒಂದೇ ಹಾಸಿಗೆಯಲ್ಲಿ ಕಾಣಿಸಿಕೊಂಡ ಕಾಲದಲ್ಲೇ, ಒಂದು ಸಾಧಾರಣ ಕೋಣೆಯಲ್ಲಿ ಒಂದು ರಾತ್ರಿ ಮಲಗುವ ಹಕ್ಕಿಗಾಗಿ ನಾಗರಿಕರು ನ್ಯಾಯಾಲಯಕ್ಕೆ ಅಲೆಯಬೇಕಾಗಿತ್ತು. ಚಿತ್ರಣ ಹೆಚ್ಚಿದರೆ ಸ್ವೀಕಾರವೂ ಹೆಚ್ಚಿದಂತೆ ಎಂಬ ಸರಳ ಸಮೀಕರಣವನ್ನು ನಾವು ಒಪ್ಪದಿರಲು ಇದೊಂದು ಕಾರಣ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪ್ರಧಾನ ಹೊತ್ತಿನ ನಾಟಕಗಳು ಈ ವಸ್ತುವನ್ನು ‘ಸಮಸ್ಯೆ’ಯಾಗಿ ಆಗಾಗ್ಗೆ ಮುಟ್ಟಿದವು. ಶಾಲಾನಾಟಕ ‘ಕಿಂಪಾಚಿ ಸೆನ್‌ಸೇಯ್’ನ ೨೦೦೧ರ ಸರಣಿ, ೨೦೦೮ರ ‘ಲಾಸ್ಟ್ ಫ್ರೆಂಡ್ಸ್’ ಎರಡೂ ಲಿಂಗಾನನ್ಯತೆಯ ತೊಳಲಾಟವನ್ನು ಸಹಾನುಭೂತಿಯಿಂದ ನೋಡಿದವು. ಪ್ರೇಮಕ್ಕೆ ಫಲ ಕೊಡಲಿಲ್ಲ. ೨೦೧೨ರ ಐತಿಹಾಸಿಕ ನಾಟಕ ‘ತಾಯಿರಾ ನೊ ಕಿಯೊಮೊರಿ’ಯಲ್ಲಿ ಎನ್.ಎಚ್.ಕೆ. ಭಾನುವಾರದ ಸಂಜೆ ಫುಜಿವಾರಾ ನೊ ಯೊರಿನಾಗಾನ ಪುರುಷಸಂಗವನ್ನು ತೋರಿಸಿತು. ಹನ್ನೆರಡನೆಯ ಶತಮಾನದ ಆ ಆಸ್ಥಾನಿಕ ತನ್ನ ದಿನಚರಿ ‘ತಾಯ್ಕಿ’ಯಲ್ಲಿ ತಾನೇ ಬರೆದಿಟ್ಟ ಸಂಗತಿ ಅದು. ಎಂಟುನೂರು ವರ್ಷದ ಹಿಂದಿನವರಿಗೆ ಇಂಥ ಅನುಮತಿ ಸುಲಭವಾಗಿ ಸಿಗುತ್ತದೆ.

ತಿರುವು ಬಂದದ್ದು ತಡರಾತ್ರಿಯಲ್ಲಿ, ಮತ್ತು ಅದನ್ನು ತಂದವರು ಬಹುಮಟ್ಟಿಗೆ ಹೆಂಗಸರು. ತಾಕೆಮಿಯಾ ಕೇಯ್ಕೊ ೧೯೭೬ರಲ್ಲಿ ಆರಂಭಿಸಿದ ‘ಕಾಜೆ ತೊ ಕಿ ನೊ ಉತಾ’ ಮತ್ತು ೧೯೭೮ರಲ್ಲಿ ಹುಟ್ಟಿದ ‘ಜೂನ್’ ಪತ್ರಿಕೆಯಿಂದ ಬೆಳೆದುಬಂದ ಬಾಲಕಪ್ರೇಮದ ಚಿತ್ರಕಥೆಗಳನ್ನು ಬರೆದವರೂ ಓದಿದವರೂ ಹೆಚ್ಚಾಗಿ ಸ್ತ್ರೀಯರೇ. ಆ ಓದುಗ ವರ್ಗವನ್ನು ನೆಚ್ಚಿ ವಾಹಿನಿಗಳು ತಮ್ಮ ತಡರಾತ್ರಿಯ ಹೊತ್ತನ್ನು ಬಿಟ್ಟುಕೊಟ್ಟವು. ೨೦೧೮ರಲ್ಲಿ ಟಿವಿ ಅಸಾಹಿ ಶನಿವಾರ ರಾತ್ರಿ ಹನ್ನೊಂದೂಕಾಲಕ್ಕೆ ಪ್ರಸಾರ ಮಾಡಿದ ‘ಒಸ್ಸಾನ್ಸ್ ಲವ್’ ಏಳೇ ಕಂತುಗಳ ಹಾಸ್ಯನಾಟಕ. ಸ್ಥಿರಾಸ್ತಿ ಕಂಪನಿಯ ನೌಕರನೊಬ್ಬನನ್ನು ಅವನ ಮೇಲಧಿಕಾರಿಯೂ ಕಿರಿಯ ಸಹೋದ್ಯೋಗಿಯೂ ಪೈಪೋಟಿಯಿಂದ ಪ್ರೀತಿಸುತ್ತಾರೆ. ಆ ಹೆಸರು ಅದೇ ವರ್ಷದ ಜನಪ್ರಿಯ ನುಡಿಗಳ ಮೊದಲ ಹತ್ತರಲ್ಲಿ ಸೇರಿತು. ದ್ವೇಷವೇ ಇಲ್ಲದ ಕಚೇರಿಯೊಂದನ್ನು ಕಲ್ಪಿಸಿಕೊಂಡದ್ದು ಅದರ ಉದಾರತೆಯೂ ಹೌದು, ಸುಳ್ಳೂ ಹೌದು.

ಅದೇ ಮಾರ್ಚಿಯಲ್ಲಿ ಎನ್.ಎಚ್.ಕೆ.ಯ ಉಪಗ್ರಹ ವಾಹಿನಿಯಲ್ಲಿ ಮೂರು ಕಂತುಗಳಲ್ಲಿ ಬಂದ ‘ಒತೋತೊ ನೊ ಒತ್ತೊ’ ಹೆಚ್ಚು ಗಂಭೀರವಾದುದು. ತಾಗಾಮೆ ಗೆಂಗೊರೊನ ಚಿತ್ರಕಥೆ ಅದರ ಮೂಲ. ಹೆಸರಿನ ನೇರ ಅರ್ಥ ‘ತಮ್ಮನ ಗಂಡ’. ಸತ್ತುಹೋದ ಅವಳಿ ತಮ್ಮನನ್ನು ಕೆನಡಾದಲ್ಲಿ ವರಿಸಿದ್ದವನು ಮನೆಬಾಗಿಲಿಗೆ ಬಂದು ನಿಂತಾಗ ಅಣ್ಣ ಅವನನ್ನು ಏನೆಂದು ಕರೆಯಬೇಕು? ಸೋದರಮಾವನಿಂದ ಷಡ್ಡಕನವರೆಗೆ ಒಂದೊಂದು ನಂಟಿಗೂ ಒಂದೊಂದು ಪದವಿರುವ ಕನ್ನಡದಲ್ಲೂ ಈ ನಂಟಿಗೆ ಪದವಿಲ್ಲ. ಆ ಪಾತ್ರವನ್ನು ವಹಿಸಿದವನು ಎಸ್ಟೋನಿಯಾ ಮೂಲದ ಮಾಜಿ ಸುಮೊ ಮಲ್ಲ ಬಾರುತೊ. ಅಷ್ಟು ದೊಡ್ಡ ದೇಹ ಆ ಪುಟ್ಟ ಮನೆಯ ಊಟದ ಮೇಜಿನ ಮುಂದೆ ಮುದುಡಿ ಕುಳಿತಾಗ ಅರ್ಧ ಮಾತು ಆಗಲೇ ಮುಗಿದಿರುತ್ತದೆ.

ಊಟದ ಮೇಜೇ ಕಥೆಯಾದದ್ದು ಟಿವಿ ಟೋಕಿಯೋದ ‘ಕಿನೊ ನಾನಿ ತಬೆತಾ?’ದಲ್ಲಿ. ‘ನಿನ್ನೆ ಏನು ಉಂಡೆ?’ ಎಂದು ಅದರ ಅರ್ಥ. ಯೊಶಿನಾಗಾ ಫುಮಿ ೨೦೦೭ರಿಂದ ಬರೆಯುತ್ತ ಬಂದ ಚಿತ್ರಕಥೆಯನ್ನು ಆಧರಿಸಿ ೨೦೧೯ರಲ್ಲಿ ಹನ್ನೆರಡು ಕಂತುಗಳಾಗಿ, ಮಧ್ಯರಾತ್ರಿ ದಾಟಿದ ಮೇಲೆ ಪ್ರಸಾರವಾಯಿತು. ೨೦೨೩ರಲ್ಲಿ ಎರಡನೆಯ ಸರಣಿ ಬಂದಿತು. ನಡುವಯಸ್ಸಿನ ವಕೀಲ ಕಾಕೆಯ್ ಶಿರೊ, ಕ್ಷೌರಿಕ ಯಾಬುಕಿ ಕೆಂಜಿ. ಇಬ್ಬರೂ ಒಂದೇ ಮನೆಯಲ್ಲಿ ಬಾಳುವವರು. ಶಿರೊ ಪಾತ್ರದಲ್ಲಿ ನಟಿಸಿದವನು ನಿಶಿಜಿಮಾ ಹಿದೆತೊಶಿ, ೧೯೯೩ರಲ್ಲಿ ಮತ್ಸುಓಕಾ ಆಗಿದ್ದವನೇ. ಅಂದು ಕಾಕೆಯ್ ಎಂಬವನನ್ನು ಮೌನವಾಗಿ ಪ್ರೀತಿಸಿ ಸತ್ತವನು ಇಪ್ಪತ್ತಾರು ವರ್ಷಗಳ ಬಳಿಕ ತಾನೇ ಕಾಕೆಯ್ ಆಗಿ, ಬದುಕಿ, ಅಂಗಡಿಯಲ್ಲಿ ತರಕಾರಿಯ ಬೆಲೆ ಚೌಕಾಸಿ ನೋಡುತ್ತಾನೆ. ಎರಡು ಹೆಸರುಗಳ ಲಿಪಿ ಬೇರೆ, ಉಚ್ಚಾರ ಒಂದೇ; ಆಕಸ್ಮಿಕವೇ ಇರಬಹುದು.

ಈ ನಾಟಕದಲ್ಲಿ ಶಯ್ಯಾಗೃಹವಿಲ್ಲವೆಂದೇ ಹೇಳಬೇಕು. ಶಿರೊ ಅಡುಗೆ ಮಾಡುತ್ತಾನೆ, ಕೆಂಜಿ ಉಂಡು ಮೆಚ್ಚುತ್ತಾನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ರತಿ ವಾಚ್ಯವಾಗದೆ ಧ್ವನಿತವಾಗಿದೆ. ವ್ಯಂಜನವೆಂದರೆ ಮೇಲೋಗರ, ವ್ಯಂಜನೆಯೆಂದರೆ ಸೂಚಿಸುವ ಶಕ್ತಿ ಎಂಬ ನಮ್ಮ ನುಡಿಯ ನಂಟು ಈ ಕಥೆಗೆ ಬಹಳ ಒಪ್ಪುತ್ತದೆ. ಆದರೆ ಧ್ವನಿಯನ್ನು ಕವಿ ಆರಿಸಿಕೊಳ್ಳುವುದು ಒಂದು, ವಾಚ್ಯಕ್ಕೆ ದಾರಿಯಿಲ್ಲದೆ ಧ್ವನಿಗೆ ಒದಗುವುದು ಇನ್ನೊಂದು. ಊಟದ ಸುತ್ತಲಿನ ಗೋಡೆಗಳನ್ನು ನಾಟಕವೇ ತೋರಿಸುತ್ತದೆ. ವೃದ್ಧಾಪ್ಯಕ್ಕೆ ಸಮೀಪಿಸಿದ ಸಲಿಂಗ ಜೋಡಿಯೊಂದು ವಕೀಲನಾದ ಶಿರೊನನ್ನು ದತ್ತಕದ ಬಗ್ಗೆ ವಿಚಾರಿಸುತ್ತದೆ. ಜಪಾನಿನ ನಾಗರಿಕ ಕಾನೂನಿನಂತೆ ವಯಸ್ಕನನ್ನೂ ದತ್ತು ತೆಗೆದುಕೊಳ್ಳಬಹುದು. ಹಿರಿಯನು ಕಿರಿಯನನ್ನು ಮಗನೆಂದು ಸ್ವೀಕರಿಸಿದರೆ ಆಸ್ತಿ ಅವನಿಗೆ ಉಳಿಯುತ್ತದೆ. ಪ್ರಿಯತಮನು ಕಾಗದದಲ್ಲಿ ಮಗನಾಗಬೇಕು. ಇಷ್ಟು ದಾರುಣವಾದ ಸಂಗತಿಯನ್ನು ಪಾತ್ರಗಳು ಊಟದ ನಡುವೆ, ಲೆಕ್ಕಪತ್ರದ ಮಾತಿನಂತೆ ಆಡುತ್ತಾರೆ. ‘ದೊಸೊಕಾಯ್’ನ ಯಾವ ಚುಂಬನಕ್ಕಿಂತಲೂ ಈ ದೃಶ್ಯ ಹೆಚ್ಚು ಆಪ್ತವೆಂಬುದು ನಮ್ಮ ಅಭಿಪ್ರಾಯ.

ಹೀಗೆಂದಮಾತ್ರಕ್ಕೆ ದೇಹದ ಪ್ರಶ್ನೆ ಮುಗಿಯಲಿಲ್ಲ. ೨೦೨೦ರ ‘ಚೆರಿ ಮ್ಯಾಜಿಕ್’ ನಾಟಕದಲ್ಲಿ ಮುಟ್ಟಿದವರ ಮನಸ್ಸನ್ನು ಓದಬಲ್ಲ ನೌಕರನೊಬ್ಬ ತನ್ನ ಸಹೋದ್ಯೋಗಿಯ ಪ್ರೇಮವನ್ನು ಅರಿಯುತ್ತಾನೆ. ಸ್ಪರ್ಶವೇ ಕಥೆಯ ಯಂತ್ರ. ಆದರೂ ಕೊನೆಯ ಕಂತಿನಲ್ಲಿ ತುಟಿಗಳು ಸಮೀಪಿಸುವಾಗ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಲವು ಪ್ರೇಕ್ಷಕರಿಗೆ ಇದು ಸಂಕೋಚದ ಸೌಂದರ್ಯವಾಗಿ ಕಂಡಿತು, ಹಲವರಿಗೆ ಕಸಿದುಕೊಂಡಂತೆ ಕಂಡಿತು. ನಾವು ಎರಡನೆಯವರ ಕಡೆಗೆ ವಾಲುತ್ತೇವೆ: ಗಂಡು ಹೆಣ್ಣಿನ ಕಥೆಗೆ ಅದೇ ಬಾಗಿಲು ಅಷ್ಟು ಬೇಗ ಮುಚ್ಚುತ್ತಿರಲಿಲ್ಲ. ಆಪ್ತ ದೃಶ್ಯಗಳಲ್ಲಿ ನಟರ ಸಮ್ಮತಿಯನ್ನು ಕಾಯುವ ಸಂಯೋಜಕರು ಜಪಾನಿನಲ್ಲಿ ಕೆಲಸ ಆರಂಭಿಸಿದ್ದು ಸುಮಾರು ಇದೇ ಕಾಲದಲ್ಲಿ, ಎನ್.ಎಚ್.ಕೆ. ೨೦೨೩ರಲ್ಲಿ ಯೊಶಿನಾಗಾಳದೇ ಆದ ‘ಒಓಕು’ ನಾಟಕದಲ್ಲಿ ಅಂಥವರ ನೆರವು ಪಡೆಯಿತು. ಅಂದರೆ ತೋರಿಸುವ ವಿಧಾನ ಸಿದ್ಧವಾಗುತ್ತಿತ್ತು. ಯಾರನ್ನು ತೋರಿಸಬೇಕೆಂಬುದಷ್ಟೇ ಇತ್ಯರ್ಥವಾಗಬೇಕಿತ್ತು.

ಹೆಂಗಸರ ನಡುವಣ ಪ್ರೇಮದ ಪಾಲು ಈ ಚರಿತ್ರೆಯಲ್ಲಿ ತೀರ ಸಣ್ಣದು. ೨೦೧೫ರ ‘ಟ್ರಾನ್ಸಿಟ್ ಗರ್ಲ್ಸ್’ ಬಳಿಕ ಹೆಸರಿಸಬೇಕಾದದ್ದು ಎನ್.ಎಚ್.ಕೆ. ೨೦೨೨ ಮತ್ತು ೨೦೨೪ರಲ್ಲಿ ಪ್ರಸಾರ ಮಾಡಿದ ‘ತ್ಸುಕುರಿತಾಯ್ ಒನ್ನಾ ತೊ ತಬೆತಾಯ್ ಒನ್ನಾ’, ಎಂದರೆ ಅಡುಗೆ ಮಾಡಬಯಸುವ ಹೆಣ್ಣು ಮತ್ತು ಉಣ್ಣಬಯಸುವ ಹೆಣ್ಣು. ಹೋಟೆಲಿನಲ್ಲಿ ಹೆಣ್ಣೆಂಬ ಕಾರಣಕ್ಕೆ, ಕೇಳದೆಯೇ, ಅನ್ನ ಕಡಿಮೆ ಬಡಿಸಿದ್ದನ್ನು ಕಾಸುಗಾ ಪ್ರಶ್ನಿಸುವ ದೃಶ್ಯವೊಂದು ಅದರಲ್ಲಿದೆ. ಗಂಡಸರ ಕಥೆಗಳಲ್ಲಿ ಪ್ರೇಮದ ಸಂಕೇತವಾಗಿದ್ದ ಅನ್ನ ಇಲ್ಲಿ ಹಸಿವಿನ ಹಕ್ಕೂ ಆಗಿದೆ. ಎರಡನೆಯ ಸರಣಿಯಲ್ಲಿ ನೊಮೊತೊ ತನ್ನನ್ನು ತಾನು ಹೆಸರಿಟ್ಟು ಗುರುತಿಸಿಕೊಳ್ಳುತ್ತಾಳೆ. ಹಿಂದಿನ ಎಷ್ಟೋ ನಾಟಕಗಳು ನುಂಗಿಕೊಂಡಿದ್ದ ಮಾತು ಅದು.

೨೦೨೪ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಎಂಟಕ್ಕೆ ನಡೆದ ‘ತೊರಾ ನಿ ತ್ಸುಬಾಸಾ’ವನ್ನು ಬರೆದವಳು ‘ಚೆರಿ ಮ್ಯಾಜಿಕ್’ನ ನಾಟಕಕರ್ತೃವೇ ಆದ ಯೊಶಿದಾ ಎರಿಕಾ. ಜಪಾನಿನ ಮೊದಲ ಮಹಿಳಾ ವಕೀಲರಲ್ಲೊಬ್ಬಳಾದ ಮಿಬುಚಿ ಯೊಶಿಕೊಳನ್ನು ಮಾದರಿಯಾಗಿಟ್ಟುಕೊಂಡ ಕಥೆ ಅದು. ನಾಯಕಿ ತೊರಾಕೊಳ ಸಹಪಾಠಿ ತೊದೊರೊಕಿ, ಯುದ್ಧಾನಂತರದ ಕಾಳಸಂತೆಯ ಅನ್ನ ಮುಟ್ಟದೆ ಹಸಿದು ಸತ್ತ ಗೆಳೆಯ ಹಾನಾಓಕಾನನ್ನು ತಾನು ಪ್ರೀತಿಸಿದ್ದೆನೆಂದು ಅವನ ಮರಣದ ಬಳಿಕ ಅರಿಯುತ್ತಾನೆ. ವರ್ಷಗಳು ಕಳೆದು ತಾನು ಒಲಿದ ಇನ್ನೊಬ್ಬ ಪುರುಷನನ್ನು ತೊರಾಕೊಳಿಗೆ ಪರಿಚಯಿಸುತ್ತಾನೆ. ತೊರಾಕೊಳಾದರೂ ಆ ಹೊತ್ತಿಗೆ ತನ್ನ ಮನೆತನದ ಹೆಸರು ಬಿಡಲೊಲ್ಲದೆ, ಮೆಚ್ಚಿದವನೊಡನೆ ಮದುವೆ ನೋಂದಾಯಿಸದೆಯೇ ಬಾಳಲು ನಿಶ್ಚಯಿಸುತ್ತಿದ್ದಳು. ಕಾನೂನು ಅನುಮತಿಸಿದ ಮದುವೆಯನ್ನು ಬೇಡವೆನ್ನುವ ಜೋಡಿ ಮತ್ತು ಬಯಸಿದರೂ ಅದು ಸಿಗದ ಜೋಡಿ, ಎರಡನ್ನೂ ಆ ಕಂತುಗಳು ಎದುರುಬದುರು ನಿಲ್ಲಿಸಿದವು. ಕಥೆಯ ಕಾಲ ೧೯೫೦ರ ದಶಕ. ನೋಡುತ್ತಿದ್ದವರು ೨೦೨೪ರವರು, ಮತ್ತು ತೊದೊರೊಕಿಯ ಪಾಲಿಗೆ ಕೊಸೆಕಿಯ ಪುಟ ಆ ಎರಡೂ ಕಾಲಗಳಲ್ಲಿ ಒಂದೇ ರೀತಿ ಖಾಲಿಯಿತ್ತು.